ಸುತ್ತಿಗೆ ಹಿಡಿದ ಕುಳ್ಳ

ತಿನ್ನರ್ ಬಾಟಲಿಯಿಂದ ವೆಂಕಟರತ್ನ ಚಿಮಟದಲ್ಲಿ ಎತ್ತಿದ ಸೀಸದ ಕುಳ್ಳ ಬೊಂಬೆಯ ಕೈಯಲ್ಲಿ ಗುದ್ದಲಿ ಇರಲಿಲ್ಲ, ಸುತ್ತಿಗೆ ಇತ್ತು. ಅವಳು ಅದ್ದಬೇಕಿದ್ದವನು ಇವನಲ್ಲ. ಹಳೆಯ ಬಣ್ಣವೆಲ್ಲ ಕರಗಿ ಬಾಟಲಿಯ ತಳ ಸೇರಿತ್ತು.

ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೋದಲ್ಲಿ ಅವಳದು ಫೋಟೋಗಳಿಗೆ ಟಚಿಂಗ್ ಮಾಡುವ ಕೆಲಸ. ಕಪ್ಪು ಬಿಳುಪಿನ ಮದುಮಗಳ ತುಟಿಗೆ ಅವಳ ಬ್ರಷ್ಷು ತಾಗಿದರೆ ಸಾಕು, ಚಿತ್ರಕ್ಕೆ ಜೀವ ಬರುತ್ತಿತ್ತು. ಅದನ್ನು ಕೇಳಿಯೇ ಮೂರು ವಾರದ ಹಿಂದೆ ಕದಿರಪ್ಪ ಬಂದಿದ್ದ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಬಿಸ್ಕತ್ತಿನ ಡಬ್ಬಿಯಿಂದ ಹೆಬ್ಬೆರಳುದ್ದದ ಸೀಸದ ಬೊಂಬೆಗಳನ್ನು ಒಂದೊಂದಾಗಿ ತೆಗೆದು ನಿಲ್ಲಿಸಿದ್ದ: ರೆಕ್ಕೆ ಮುರಿದ ಡ್ರ್ಯಾಗನ್, ಗಡ್ಡದ ಮಾಂತ್ರಿಕ, ಹಲ್ಲು ಕಿರಿಯುವ ರಾಕ್ಷಸರು, ಇಬ್ಬರು ಕುಳ್ಳರು, ಒಬ್ಬನ ಕೈಯಲ್ಲಿ ಗುದ್ದಲಿ, ಇನ್ನೊಬ್ಬನ ಕೈಯಲ್ಲಿ ಸುತ್ತಿಗೆ.

"ದಸರಾ ಬೊಂಬೆ ಅಬ್ಬಕ್ಕಾ?" ಎಂದು ಅವಳು ಕೇಳಿದ್ದಳು.

"ಅಲ್ಲ ರೀ, ಯುದ್ಧಕ್ಕೆ," ಎಂದಿದ್ದ. ಮುಖ ಗಂಭೀರ, ಕಣ್ಣುಗಳು ಮಾತ್ರ ನಗುತ್ತಿದ್ದವು.

ಅವನಪ್ಪ ಚಾಂಪಿಯನ್ ರೀಫ್ಸ್‌ನ ಗಣಿ ಸಾಹೇಬರೊಬ್ಬರ ಬಂಗಲೆಯಲ್ಲಿ ಅಡುಗೆಯವರಾಗಿದ್ದರು. ಸಾಹೇಬರ ಮಗ ಇಂಗ್ಲೆಂಡಿನಿಂದ ತರಿಸಿದ್ದ ಸೈನ್ಯವಿದು. ಊಟದ ಮೇಜಿನ ಮೇಲೆ ದಾಳ ಹಾಕಿ, ಅಳತೆಪಟ್ಟಿ ಹಿಡಿದು ಯುದ್ಧ ನಡೆಸುವ ಆಟ. ಎದುರಾಳಿ ಬೇಕಲ್ಲ, ಅಡುಗೆಯವರನ್ನೇ ಕೂರಿಸಿಕೊಳ್ಳುತ್ತಿದ್ದ. ಊರು ಬಿಡುವಾಗ ಡಬ್ಬಿಯನ್ನು ಅವರ ಕೈಗೇ ಕೊಟ್ಟುಹೋದ.

ಅಂದಿನಿಂದ ಕದಿರಪ್ಪ ದಿನಾ ಸಂಜೆ ಬಂದು ಅರಾಲ್ಡೈಟ್ ಕಲಸಿ ರೆಕ್ಕೆ, ಕತ್ತಿ ಅಂಟಿಸುತ್ತಿದ್ದ. ಅವಳು ಸುಲಿದುಹೋದ ಬಣ್ಣ ತೆಗೆದು ಹೊಸದು ಹಚ್ಚುತ್ತಿದ್ದಳು.

"ಈ ರಾಕ್ಷಸ ನನ್ನನ್ನೇ ನೋಡ್ತಾವ್ನಲ್ರೀ," ಎಂದಿದ್ದ ಅವನು ಒಂದು ಸಂಜೆ.

"ನೀವು ಈ ಕಡೆ ನೋಡೋದು ಬಿಡಿ, ಅವನೂ ಬಿಡ್ತಾನೆ."

ಅವನು ನಕ್ಕ. ಎಡಗೆನ್ನೆಯಲ್ಲಿ ಸಣ್ಣ ಗುಳಿ ಬಿತ್ತು. ಆಗಲೇ ಅವನು ಹೇಳಿದ್ದು, ಸುತ್ತಿಗೆಯವನಿಗೆ ಬಣ್ಣ ಹಾಕಿದ್ದು ಅಪ್ಪ, ಅವನನ್ನು ಮಾತ್ರ ಮುಟ್ಟಬೇಡಿ ಎಂದು. ಗುಳಿ ನೋಡುತ್ತಿದ್ದವಳ ಕಿವಿಗೆ ಅರ್ಧವೇ ಬಿದ್ದಿತ್ತು. ಈ ಸೋಮವಾರ ಬೆಳಿಗ್ಗೆ ಬೂದಿಕೋಟೆಯಲ್ಲಿ ಬಸ್ ಹತ್ತುವಾಗ ಅಮ್ಮ, "ಶುಕ್ರವಾರ ಗಂಡಿನೋರು ಬತ್ತಾವ್ರೆ, ರಜಾ ಆಕು," ಎಂದಿದ್ದಳು. ಆ ಗುಂಗಿನಲ್ಲೇ ಗುದ್ದಲಿಯವನ ಬದಲು ಸುತ್ತಿಗೆಯವನನ್ನು ಬಾಟಲಿಗೆ ಹಾಕಿಬಿಟ್ಟಿದ್ದಳು.

ಸಂಜೆ ಕದಿರಪ್ಪ ಬಂದಾಗ ಕುಳ್ಳನನ್ನು ಬಿಳಿ ಕಾಗದದ ಮೇಲಿಟ್ಟಳು. "ತಪ್ಪಾಗೋಯ್ತು. ನಾನೇ ತಿನ್ನರ್‌ಗೆ ಆಕ್ಬುಟ್ಟೆ."

ಅವನು ಅದನ್ನೆತ್ತಿ ಹಿಂದೆ ಮುಂದೆ ತಿರುಗಿಸಿದ.

"ಅಪ್ಪ ಓಗಿ ಎರಡು ವರ್ಸ ಆಯ್ತು," ಎಂದನಷ್ಟೆ. ಬೊಂಬೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಹೊರಟೇಹೋದ. ಉಳಿದ ಸೈನ್ಯ ಮೇಜಿನ ಮೇಲೇ ಉಳಿಯಿತು.

ಮಂಗಳವಾರ ಅವನು ಬರಲಿಲ್ಲ. ಬಾಗಿಲಲ್ಲಿ ನೆರಳು ಸುಳಿದಾಗಲೆಲ್ಲ ಅವಳ ಬ್ರಷ್ಷು ನಿಂತುಬಿಡುತ್ತಿತ್ತು. ಯಾರದೋ ಅಜ್ಜಿಯ ಹುಬ್ಬು ಕೆಟ್ಟಿತು.

ಬುಧವಾರ ನಾಲ್ಕು ಗಂಟೆಗೆ ಬಂದ. ಕುಳ್ಳನನ್ನು ಅವಳ ಮುಂದಿಟ್ಟ.

"ಬಣ್ಣ ಆಕಿ."

"ನಿಮ್ಮಪ್ಪಾರು ಆಕಿದಂಗೆ ನಂಗೆ ಬರಾಕಿಲ್ಲ."

"ಅಪ್ಪನಿಗೂ ಬತ್ತಿರ್ಲಿಲ್ಲ. ಗಡ್ಡಕ್ಕೆ ಬಳಿದಿದ್ದು ಗೇಟಿನ ಪೇಂಟು."

ಅವಳಿಗೆ ನಗು ಬಂತು, ಜೊತೆಗೇ ಕಣ್ಣೀರೂ ಬಂತು.

"ಕೋಪ ಬಂದಿತ್ತು, ಇಲ್ಲ ಅನ್ನಲ್ಲ," ಎಂದ. "ಇವನ್ನ ಮುಂದಿಟ್ಕೊಂಡು ಅಪ್ಪನ್ನ ನೆನೆಸ್ಕೊಳಾಣ ಅಂತ ಕೂತ್ರೆ, ತಪ್ಪು ಒಪ್ಕೊಂಡ ನಿಮ್ ಮುಖಾನೇ ಕಣ್ಮುಂದೆ ಬತ್ತಿತ್ತು. ಬೇರೆ ಏನಾರ ಏಳಿ ತಪ್ಪಿಸ್ಕೋಬೋದಿತ್ತಲ್ಲ ನೀವು?"

"ನಿಮ್ಮತ್ರ ಸುಳ್ಳು ಏಳಾಕೆ ಆಗಲ್ಲ."

"ಯಾಕೆ?"

ಅವಳು ಬ್ರಷ್ಷಿನ ತುದಿ ಒರೆಸಿದಳು. ಹೇಳದಿದ್ದರೆ ಇನ್ನೆಂದೂ ಹೇಳಲಾಗದು ಎನ್ನಿಸಿತು. "ಶುಕ್ರವಾರ ನನ್ನ ನೋಡಾಕೆ ಬತ್ತಾವ್ರೆ."

ಅವನು ಹತ್ತಿರ ಸರಿದ. "ನಿಮಗೆ ಇಷ್ಟಾನಾ?"

"ನನ್ನ ಕೇಳ್ದೋರು ಯಾರು?"

"ನಾನು ಕೇಳ್ತಾ ಇವ್ನಿ."

"ಇಷ್ಟ ಇಲ್ಲ."

"ನಾನು ಬಂದ್ರೆ?"

ವೆಂಕಟರತ್ನ ಬ್ರಷ್ಷನ್ನು ಕೆಂಪಿಗೆ ಅದ್ದಿ ಅವನ ಒರಟು ಬೆರಳುಗಳ ನಡುವೆ ಇಟ್ಟಳು. ಅವುಗಳ ಮೇಲೆ ತನ್ನ ಬೆರಳು ಸುತ್ತಿ ಕುಳ್ಳನ ಗಡ್ಡದ ಮೇಲೆ ಒಂದು ಗೆರೆ ಎಳೆಸಿದಳು. ಗೆರೆ ಸೊಟ್ಟಗಾಯಿತು. ಇಬ್ಬರೂ ಕೈ ಬಿಡಲಿಲ್ಲ.

"ನಾಳೇನೇ ಅಮ್ಮನ್ನ ಕರ್ಕೊಂಡು ನಿಮ್ಮೂರ್ಗೆ ಬತ್ತೀನಿ," ಎಂದ ಅವನು.

"ಮೊದಲ್ನೇ ಬಸ್ಗೇ ಬನ್ನಿ," ಎಂದಳು. "ನಮ್ಮಮ್ಮನಿಗೆ ನಾನು ಇವತ್ತೇ ಏಳ್ತೀನಿ."