ಮುಸುಕು ತೆಗೆದ ರಾಜಕುಮಾರಿ

ತುಂಬೆಕೋಟೆಯ ರಾಜಕುಮಾರಿ ಸುಲೇಖೆಗೆ ತಲೆತುಂಬ ಮುಸುಕು ಹಾಕಿಕೊಂಡು ಮಲಗುವ ಅಭ್ಯಾಸ. "ಹೆಣದ ಹಾಗೆ ಮುಖ ಮುಚ್ಕೋಬೇಡ ಕಣೇ," ಎಂದು ರಾಣಿ ದಿನಾ ಬೈಯುತ್ತಿದ್ದಳು. ಸುಲೇಖೆ ಒಳಗಿನಿಂದಲೇ "ಹ್ಞೂಂ" ಅನ್ನುತ್ತಿದ್ದಳು. ಇದೆಲ್ಲ ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲದ ಮಾತು.

ಒಂದು ಚಳಿಗಾಲ, ಹಿಮಬೆಟ್ಟದ ತುದಿಯಲ್ಲಿದ್ದ ಮಾಂತ್ರಿಕ ಶೀತಮುಖ ರಾಣಿಯ ಮೈಬಿಸಿ ಕದ್ದು ಗಾಜಿನ ಕುಡಿಕೆಯಲ್ಲಿಟ್ಟುಕೊಂಡ. ರಾಣಿ ಕಲ್ಲಿನಂತೆ ತಣ್ಣಗಾದಳು. ಬೈಯುವವರಿಲ್ಲದೆ ಅರಮನೆ ಸುಮ್ಮನಾಯಿತು. ಸುಲೇಖೆ ಬೆಟ್ಟಕ್ಕೆ ಹೊರಟಳು.

ಬುಡದಲ್ಲಿ ಮಾತಾಡುವ ಕರಡಿಯೊಂದು ಕಾವಲಿತ್ತು. "ಮೂರು ರಾತ್ರಿ ಬೆಟ್ಟದ ಮೇಲೆ ಮಲಗಿ ಎದ್ದರೆ ಕುಡಿಕೆ ನಿನ್ನದು. ನಡುಗಿದಷ್ಟೂ ಮೈ ಮಂಜಾಗುತ್ತೆ. ಈ ಗಂಟಿನಲ್ಲಿ ಯಾವ ಹೊದಿಕೆ ಬೇಕೋ ತಗೋ. ಹೊರೋಳು ಮಾತ್ರ ನೀನೇ."

ಸುಲೇಖೆ ಆರು ಕಂಬಳಿ ಹೊತ್ತಳು.

"ಸಂತೆಗೆ ಮಾರೋಕೆ ಹೊರಟಿದ್ದೀಯೇನಮ್ಮ?" ಎನ್ನುತ್ತ ಕರಡಿ ಉಳಿದ ಗಂಟು ಎತ್ತಿಕೊಂಡು ಹಿಂದೆಯೇ ಬಂತು.

ಭಾರಕ್ಕೆ ಬೆವರಿ ಬಟ್ಟೆ ತೊಯ್ದವು. ರಾತ್ರಿ ಆ ಬೆವರೇ ಕೊರೆಯಿತು. ಬೆಳಗ್ಗೆ ಕಾಲ್ಬೆರಳು ಮಂಜಾಗಿದ್ದವು.

ಕಂಬಳಿ ಅಲ್ಲೇ ಬಿಟ್ಟು, ಕರಡಿಯ ಗಂಟಿನಿಂದ ಹಂಸದ ಎಳೆಪುಕ್ಕದ ರಜಾಯಿ ತೆಗೆದುಕೊಂಡಳು. ಅದುಮಿದರೆ ತೆಂಗಿನಕಾಯಿಯಷ್ಟು, ಬಿಚ್ಚಿದರೆ ಮೋಡದಷ್ಟು. ಎರಡನೆಯ ರಾತ್ರಿ ಅರ್ಧ ಹಾಸಿ, ಅರ್ಧ ಹೊದ್ದಳು. ಮೈಭಾರಕ್ಕೆ ಅಡಿಯ ಪುಕ್ಕ ಚಪ್ಪಟೆಯಾಗಿ ನೆಲದ ಚಳಿ ಏರಿತು. ಬೆಳಗ್ಗೆ ಬೆನ್ನು ಮಂಜಾಗಿತ್ತು.

"ಇದರಲ್ಲಿ ಬಿಸಿಯೇ ಇಲ್ಲ!"

"ಯಾವ ಹೊದಿಕೇಲೂ ಇರಲ್ಲ ತಾಯಿ. ನಿನ್ನ ಬಿಸೀನೇ ಅದು ಹಿಡಿದಿಡೋದು."

ಸುಲೇಖೆ ಯೋಚಿಸಿದಳು. ಕರಡಿಯ ಗುಹೆ ದಾರಿಯಲ್ಲೇ ಸಿಕ್ಕಿತು; ಅಲ್ಲಿಂದ ಒಣಹುಲ್ಲು ಬಾಚಿಕೊಂಡಳು.

"ಏಯ್, ಅದು ನನ್ನ ಹಾಸಿಗೆ!"

"ನಿನಗೆ ಮೈತುಂಬ ಕೂದಲಿದೆಯಲ್ಲ," ಎಂದಳು.

ಮೂರನೆಯ ರಾತ್ರಿ ಹುಲ್ಲನ್ನು ದಪ್ಪಗೆ ಹಾಸಿ, ಇಡೀ ರಜಾಯಿ ಮೇಲೆ ಹೊದ್ದು, ರೂಢಿಯಂತೆ ಮುಸುಕೆಳೆದಳು. ಮೊದಲು ಹಾಯೆನಿಸಿತು. ಆಮೇಲೆ ಉಸಿರಿಗೆ ಪುಕ್ಕ ಒದ್ದೆಯಾಗಿ ಮುದ್ದೆಗಟ್ಟತೊಡಗಿತು. ಕತ್ತಿನ ಬಳಿ ಚಳಿ ಹೊಕ್ಕಿತು. ಇನ್ನೊಂದು ನಡುಕ ಬಂದರೆ ಸಾಕು, ಅವಳೂ ಇಲ್ಲ, ಅಮ್ಮನೂ ಇಲ್ಲ.

ಹೆಣದ ಹಾಗೆ ಮುಖ ಮುಚ್ಕೋಬೇಡ ಕಣೇ.

ರಜಾಯಿಯನ್ನು ಗಲ್ಲದವರೆಗೆ ಇಳಿಸಿದಳು. ಹೆಗಲ ಮೇಲಿದ್ದ ಉಣ್ಣೆಯ ಶಾಲನ್ನು ತಲೆಗೆ ಸುತ್ತಿ ಮೂಗು ಹೊರಗಿಟ್ಟಳು. ಒದ್ದೆ ಅಲ್ಲಿಗೇ ನಿಂತಿತು. ನಿದ್ದೆ ಬಂತು.

ಬೆಳಗ್ಗೆ ಶೀತಮುಖ ಕುಡಿಕೆ ಕೊಟ್ಟ. ಅವಳು ಮುಚ್ಚಳ ತೆಗೆದ ಕೂಡಲೇ ಅವನು ಬೇರೆಯವರ ಮೈಬಿಸಿ ಕದ್ದು ತುಂಬಿಟ್ಟಿದ್ದ ಉಳಿದ ಕುಡಿಕೆಗಳೂ ಒಡೆದವು. ಸುಲೇಖೆಯ ಬೆರಳು, ಬೆನ್ನು ಮೊದಲಿನಂತಾದವು. ಕಲ್ಲಾದವರೆಲ್ಲ ಎದ್ದರು. ಕರಡಿ ಮಾತ್ರ ಕರಡಿಯಾಗಿಯೇ ಉಳಿಯಿತು, ಅದಕ್ಕೆ ಅದೇ ಇಷ್ಟವಿತ್ತು. ರಾಣಿ ಕಣ್ಣು ಬಿಟ್ಟು, "ಎಲ್ಲಿಗೆ ಹೋಗಿದ್ದೆ?" ಎಂದು ಬೈದಳು. ತುಂಬೆಕೋಟೆಯ ಜನ ಬೆಚ್ಚಗೆ ಬಾಳಿದರು.

ಚಳಿಗಾಳಿ ಬೀಸುವ ರಾತ್ರಿಗಳಲ್ಲಿ ಮಾತ್ರ ಕಿಟಕಿಯಾಚೆ ಶೀತಮುಖನ ದನಿ ಬರುತ್ತದೆ. ಈಗ ಅವನ ಬಳಿ ಯಾರ ಬಿಸಿಯೂ ಇಲ್ಲ, ತನ್ನದು ಮೊದಲೇ ಇರಲಿಲ್ಲ. ಮುಸುಕಿಲ್ಲದೆ ಮಲಗುವ ಸುಲೇಖೆಗೆ ಎಲ್ಲ ಚೆನ್ನಾಗಿ ಕೇಳಿಸುತ್ತದೆ.

"ಆ ರಜಾಯಿ ಒಂದು ರಾತ್ರಿಗೆ ಕೊಡ್ತೀಯೇನಮ್ಮ?"