ಉಣ್ಣುವವರಿಲ್ಲದ ಎಲೆ

ರಿಪ್ಪನ್‌ಪೇಟೆಯಿಂದ ನಾಟಕದ ಜನರನ್ನು ಹೊತ್ತು ತಂದ ಟೆಂಪೋ ಸಾಗರದ ಸೂಡಿ ರಂಗಮನೆಯ ಗೇಟಿನ ಮುಂದೆ ನಿಂತಾಗ ಸಂಜೆ ನಾಲ್ಕೂವರೆ. ನಿಂತದ್ದೇ ತಡ, ಡ್ರೈವರ್ ಜಟ್ಟಿಂಗಪ್ಪನ ಬಾಯಿಂದ ಹೊರಟ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಗೇಟಿನ ಪಕ್ಕದಲ್ಲಿದ್ದ ಕೆರಿಯಮ್ಮನ ತಗಡಿನ ಶೆಡ್ಡಿಗೆ ಹೊಸ ಬೀಗ ಬಿದ್ದಿತ್ತು. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು: "ಊಟದಲ್ಲಿ ಹಲ್ಲಿ ಸಿಕ್ಕಿರುವುದರಿಂದ ಬಂದ್ ಮಾಡಲಾಗಿದೆ. ರಂಗಮನೆ ಸಮಿತಿ."

ಟೆಂಪೋದಲ್ಲಿದ್ದವರು ಇಪ್ಪತ್ತೆರಡು ಜನ. ಗಾರೆ ಕೆಲಸದವರು, ದರ್ಜಿಗಳು, ಅಂಗನವಾಡಿಯ ಟೀಚರು, ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಅಕ್ಕತಂಗಿಯರು. ಐವತ್ತು ರೂಪಾಯಿಗೆ ಹಿಂದಿನ ಸಾಲಿನ ಟಿಕೆಟ್ಟು, ನಲವತ್ತು ರೂಪಾಯಿಗೆ ಕೆರಿಯಮ್ಮನ ಊಟ. ಇವೆರಡೂ ಸಿಕ್ಕಿದರೆ ಮಾತ್ರ ಅವರ ಪಾಲಿಗೆ ನಾಟಕ ಉಂಟು. ದಾರಿಯುದ್ದಕ್ಕೂ ಅವರು ಊಟದ್ದೇ ಮಾತಾಡಿಕೊಂಡು ಬಂದಿದ್ದರು. "ಸಂಜೆ ಬಂದ್ರೆ ಬರೀ ಶುಂಠಿ ತಂಬುಳಿನೇ ಗತಿ ಕಣ್ರಪ್ಪ. ಒಂದೆಲಗ ಸೊಪ್ಪಿಂದು ಬೇಕಂದ್ರೆ ಕೂಲಿ ಬಿಟ್ಟು ಮಧ್ಯಾಹ್ನನೇ ಬರ್ಬೇಕು" ಎಂದು ಗಾರೆ ಭೂತಪ್ಪ ಗೊಣಗಿದ್ದಕ್ಕೆ, "ಸಿಕ್ಕಿದ್ದು ಉಣ್ಣೋ ಮಾರಾಯ" ಎಂದು ಎಲ್ಲರೂ ನಕ್ಕಿದ್ದರು. ಈಗ ಯಾರ ಮುಖದಲ್ಲೂ ನಗು ಇರಲಿಲ್ಲ.

ಮುಂದಿನ ಸೀಟಿನಿಂದ ವಿಶಾಲಮ್ಮ ನಿಧಾನಕ್ಕೆ ಇಳಿದರು. ಹೊಸನಗರದ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ವಾರ್ಡನ್ ಆಗಿದ್ದವರು. ಎಂಜಲು ತಟ್ಟೆ ನೋಡಿ ಯಾರು ಅತ್ತಿದ್ದಾರೆ, ಯಾರು ಹೊರಗೆ ತಿಂದು ಬಂದಿದ್ದಾರೆ ಎಂದು ಹೇಳುತ್ತಿದ್ದ ಹೆಂಗಸು. ನಿವೃತ್ತರಾಗಿ ರಿಪ್ಪನ್‌ಪೇಟೆಗೆ ಬಂದ ಮೇಲೆ, ಸುತ್ತಲ ಊರುಗಳಲ್ಲಿ ಏನು ಕಳೆದರೂ ಯಾರು ಸುಳ್ಳು ಹೇಳಿದರೂ ಜನ ಮೊದಲು ಬರುತ್ತಿದ್ದದ್ದು ಅವರ ಜಗಲಿಗೆ. ಅವರನ್ನು ಆ ಊರುಗಳಿಗೆಲ್ಲ ಕರೆದೊಯ್ಯುತ್ತಿದ್ದವನು ಜಟ್ಟಿಂಗಪ್ಪ. ಹಾಗಾಗಿ ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿದರೆ ಏನರ್ಥ ಎಂಬುದು ಅವನಿಗೆ ಗೊತ್ತು. ಈಗ ಇಳಿಸಿದರು.

ಶೆಡ್ಡಿನ ಹಿಂದೆ ಕಲ್ಲಿನ ಮೇಲೆ ಕೆರಿಯಮ್ಮ ಕೂತಿದ್ದಳು. ಅಳುತ್ತಿರಲಿಲ್ಲ. ಕೋಲೊಂದರಿಂದ ನೆಲ ಕುಕ್ಕುತ್ತಿದ್ದಳು.

"ಬಂದ್ರಾ ಅಮ್ಮಾ? ನೋಡಿ, ನನ್ನ ಕಥೆ ಇದು. ಒಂಬತ್ತು ವರ್ಷ ಬೇಯಿಸಿ ಹಾಕಿದೀನಿ, ಒಬ್ರಿಗೆ ಹೊಟ್ಟೆನೋವು ಬಂದಿದ್ರೆ ಹೇಳ್ಲಿ. ಇವತ್ತು ಬೆಳಿಗ್ಗೆ ಯಾರದ್ದೋ ಮೊಬೈಲಲ್ಲಿ ಅದೆಂತದೋ ಫೋಟೋ ಬಂತಂತೆ. ನನ್ನ ಕೇಳ್ಲಿಲ್ಲ, ಒಳಗೆ ಬಂದು ನೋಡ್ಲಿಲ್ಲ, ಬೀಗ ಜಡಿದ್ರು. ನಾಳೆ ಬೆಳಿಗ್ಗೆ ಜೆಸಿಬಿ ಬತ್ತದಂತೆ ಶೆಡ್ ಕೀಳಕ್ಕೆ!"

ಜಟ್ಟಿಂಗಪ್ಪ ಮೊಬೈಲ್ ತೆಗೆದ. ಫೋಟೋ ಅವನಿಗೂ ಮೂರು ಗುಂಪುಗಳಿಂದ ಬಂದಿತ್ತು. ಗಾಡಿ ಓಡಿಸುವ ಗಡಿಬಿಡಿಯಲ್ಲಿ ತೆರೆದು ನೋಡಿರಲಿಲ್ಲ. ಯಾರು ಮೊದಲು ಕಳಿಸಿದರೆಂದು ತಿಳಿಯುವಂತಿರಲಿಲ್ಲ. ಜೊತೆಗೆ ಒಂದು ಸಾಲು: "ನಿನ್ನೆ ರಾತ್ರಿ ನಾಟಕ ಮುಗಿಸಿ ಕೆರಿಯಮ್ಮನ ಶೆಡ್ಡಲ್ಲಿ ಊಟಕ್ಕೆ ಕೂತರೆ ಸಿಕ್ಕಿದ್ದು ಇದು. ಎಚ್ಚರ!"

ವಿಶಾಲಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಬಾಳೆ ಎಲೆ, ಅದರ ತುದಿ ಬಲಗಡೆಗೆ. ಉಪ್ಪು, ಉಪ್ಪಿನಕಾಯಿ ಕೆಳಗಿನ ಬಲಮೂಲೆಯಲ್ಲಿ. ನಡುವೆ ಗುಂಡಗೆ ಬಡಿಸಿದ ಅನ್ನ, ಅದರ ಮೇಲೆ ಹಸಿರು ತಂಬುಳಿ, ತಂಬುಳಿಯಲ್ಲಿ ಸತ್ತ ಹಲ್ಲಿ. ಮೇಲಂಚಿನಲ್ಲಿ, ಎಲೆಯ ಆಚೆ, ತಗಡಿನ ಗೋಡೆಗೆ ಅಂಟಿಸಿದ ಹಳೆಯ ನಾಟಕದ ಪೋಸ್ಟರಿನ ಒಂದು ಚೂರು.

"ಇದು ಆ ಹರ್ಷವರ್ಧನನದ್ದೇ ಕೆಲಸ" ಎಂದ ಜಟ್ಟಿಂಗಪ್ಪ. ರಸ್ತೆಯಾಚೆ ಹೊಸ ಹೋಟೆಲ್ ತೆರೆದವನು ಹರ್ಷವರ್ಧನ. ಗಾಜಿನ ಬಾಗಿಲು, ಇನ್ನೂರ ನಲವತ್ತು ರೂಪಾಯಿಯ ಥಾಲಿ. "ಹೋಗಿ ಎರಡು ಬಾರಿಸ್ತೀನಿ, ಬಾಯಿ ಬಿಡ್ತಾನೆ."

"ಕೈ ಇಳಿಸು ಜಟ್ಟಿಂಗ. ಮೊದ್ಲು ಒಳಗೆ ನೋಡಾಣ."

ಬೀಗ ತೆಗೆಯುವಂತಿರಲಿಲ್ಲ. ಜಾಲರಿ ಕಿಟಕಿಯಿಂದ ಇಬ್ಬರೂ ಇಣುಕಿದರು. ಉದ್ದಕ್ಕೂ ಒಂದೇ ಹಲಗೆ, ಅದರ ಆಚೆ ಬೆಂಚು. ಉಣ್ಣುವವರು ಪೋಸ್ಟರ್ ಅಂಟಿಸಿದ ಗೋಡೆಗೆ ಬೆನ್ನು ಕೊಟ್ಟು ಕೂರಬೇಕು. ಹಲಗೆಯ ಈಚೆ ಬಡಿಸುವವರು ಓಡಾಡಲು ಒಂದಾಳು ಹಿಡಿಸುವಷ್ಟು ಜಾಗ, ಅದರ ಕೊನೆಯಲ್ಲಿ ಒಲೆ. ಹಗಲಲ್ಲೂ ಬಲ್ಬು ಹಾಕಬೇಕಾದ ಕತ್ತಲೆ ಅಲ್ಲಿ. ಫೋಟೋದ ಬೆಳಕು ನೋಡಿ ಹೊತ್ತು ಹೇಳುವಂತಿರಲಿಲ್ಲ.

"ನಿನ್ನೆ ಇಡೀ ದಿನ ನೀನೇ ಬಡಿಸಿದ್ದಾ?" ಎಂದು ಕೇಳಿದರು ವಿಶಾಲಮ್ಮ.

"ರಾತ್ರಿ ನಲವತ್ತು ಜನಕ್ಕೆ ನಾನೇ. ಮಧ್ಯಾಹ್ನ ಮಾತ್ರ ಮೈ ಕಾದಿತ್ತು, ಬೇಯಿಸಿಟ್ಟು ಇಲ್ಲೇ ಮಲಗಿದ್ದೆ. ತಾಲೀಮಿನ ಪಾತ್ರದವ್ರಿಗೆಲ್ಲ ಪಾಪ ಉದಯಣ್ಣನೇ ಬಡಿಸಿದ. ಕಮಿಟಿಲಿ ನನ್ ಪರ ಮಾತಾಡಿದ್ದೂ ಅವನೊಬ್ನೇ ಅಂತೆ."

"ನಿನ್ನ ಫೋನು?"

ಅವಳು ಸೊಂಟದಿಂದ ಗುಂಡಿಯ ಹಳೆ ಫೋನ್ ತೆಗೆದು ತೋರಿಸಿದಳು. ಅದರಲ್ಲಿ ಕ್ಯಾಮೆರಾವೇ ಇರಲಿಲ್ಲ.

ಅಷ್ಟರಲ್ಲಿ ಉದಯ್‌ನೇ ಬಂದ. ರಂಗಮನೆಯ ಕಾರ್ಯದರ್ಶಿ, ಇಸ್ತ್ರಿ ಮಾಡಿದ ಜುಬ್ಬಾ, ಕೈಯಲ್ಲಿ ಬೀಗದ ಕೈ. "ನಂಗೂ ಹೊಟ್ಟೆ ಉರಿತಿದೆ ಅಮ್ಮ. ಎಷ್ಟು ಹೇಳಿದ್ರೂ ಸಮಿತಿ ಕೇಳ್ಲಿಲ್ಲ. ಅಧ್ಯಕ್ಷರು ಗೋವಿಂದ ಮೇಷ್ಟ್ರು ಇದ್ದಿದ್ರೆ ತಡೀತಿದ್ರೇನೋ. ಅವರು ನಿನ್ನೆ ಬೆಳಿಗ್ಗೆ ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಹೋಗಿ ಈಗಷ್ಟೇ ಬಂದ್ರು. ನಾಳೆ ಬೇರೆ ಬೆಂಗ್ಳೂರು, ಮೈಸೂರಿಂದ ಅತಿಥಿಗಳು ಬರ್ತಾರೆ."

"ನಮ್ಮ ಜನ ಎಲ್ಲಿ ಉಣ್ಣಬೇಕು ಉದಯಣ್ಣ?" ಜಟ್ಟಿಂಗಪ್ಪನ ದನಿ ಏರಿತು.

"ಎದುರಿಗೆ ಹೋಟೆಲ್ ಇದೆಯಲ್ಲ."

ಜಟ್ಟಿಂಗಪ್ಪ ಕಚ್ಚಿದ ಹಲ್ಲು ಬಿಡದೆ ವಿಶಾಲಮ್ಮನ ಹಿಂದೆ ರಸ್ತೆ ದಾಟಿದ. ಹರ್ಷವರ್ಧನ ಗಲ್ಲಾದಿಂದ ಏಳಲೂ ಇಲ್ಲ. "ಫೋಟೋ ನಾನು ತೆಗ್ದೆ ಅಂತ ಬಂದ್ರಾ? ಬೆಳಿಗ್ಗೆಯಿಂದ ನೀವು ಆರನೆಯವ್ರು. ಆ ಶೆಡ್ಡಿಗೆ ನಾನು ಕಾಲಿಟ್ಟಿಲ್ಲ. ಬೇಕಾದ್ರೆ ಅವಳನ್ನೇ ಕೇಳಿ. ಅಲ್ಲ ಸ್ವಾಮಿ, ಅವಳ ಗಿರಾಕಿ ನನ್ನ ಗಿರಾಕಿನಾ? ಶೆಡ್ ಮುಚ್ಚಿದ್ರೆ ನಿಮ್ಮ ಟೆಂಪೋದವ್ರು ಬನ್ನು ತಿಂದು ನೀರು ಕುಡೀತಾರೆಯೇ ಹೊರತು ನನ್ನ ಥಾಲಿ ತಿಂತಾರಾ?"

ಮಾತು ಒರಟಾಗಿತ್ತು. ಆದರೆ ಹೊರಗೆ ಕಟ್ಟೆಯ ಮೇಲೆ ಭೂತಪ್ಪ ಆಗಲೇ ಬನ್ನು ಹಂಚುತ್ತಿದ್ದುದನ್ನು ಕಂಡು ಜಟ್ಟಿಂಗಪ್ಪನಿಗೆ ಆ ಮನುಷ್ಯನ ಮೇಲಿದ್ದ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಎದೆಯಲ್ಲೇ ಸುತ್ತಿತು.

ಕೊನೆಗೆ ವಿಶಾಲಮ್ಮ ಹೋದದ್ದು ಬಣ್ಣದ ಕೋಣೆಗೆ. ನಟಿ ಸುಮನಾ ಕನ್ನಡಿಯ ಮುಂದೆ ಜಡೆ ಹೆಣೆದುಕೊಳ್ಳುತ್ತಿದ್ದಳು. ನಿನ್ನೆ ಮಧ್ಯಾಹ್ನದ ಊಟದ ಬಗ್ಗೆ ಕೇಳಿದರೆ, "ಎಂತ ರುಚಿ ಅಂತೀರಿ! ಹನ್ನೊಂದು ಜನ ಕೂತ್ವಿ, ತಪ್ಪಲೆ ಖಾಲಿ. ತಳದಲ್ಲಿದ್ದಿದ್ದನ್ನೆಲ್ಲ ಕೊನೇಲಿ ಇನ್ನೊಂದು ಎಲೆಗೆ ಬಡಿಸಿದ್ರು, ಅದು ಮೇಷ್ಟ್ರಿಗೆ ಅಂತೆ. ನಾವು ತಾಲೀಮಿಗೆ ಓಡಿದ್ವಿ" ಎಂದಳು.

ವಿಶಾಲಮ್ಮ ಕನ್ನಡಕವನ್ನು ಮೇಲಕ್ಕೇರಿಸಿಕೊಂಡರು. "ಜಟ್ಟಿಂಗ, ಎಲ್ರನ್ನೂ ಹಜಾರಕ್ಕೆ ಕರಿ. ನಮ್ಮ ಟೆಂಪೋದವ್ರನ್ನೂ."

ಐದೂಮುಕ್ಕಾಲಿಗೆ ರಂಗಮನೆಯ ಹಜಾರ ತುಂಬಿತು. ಬಿಳಿ ತಲೆಯ ಗೋವಿಂದ ಮೇಷ್ಟ್ರು ಕುರ್ಚಿಯಲ್ಲಿ, ಪಕ್ಕದಲ್ಲಿ ಉದಯ್, ಕಂಬಕ್ಕೊರಗಿ ಹರ್ಷವರ್ಧನ, ಅರ್ಧ ಬಣ್ಣ ಹಚ್ಚಿದ ಸುಮನಾ. ಬಾಗಿಲ ಬಳಿ ರಿಪ್ಪನ್‌ಪೇಟೆಯ ಜನ. ಕೆರಿಯಮ್ಮ ಮಾತ್ರ ಒಳಗೆ ಬರಲೊಲ್ಲದೆ ಹೊಸ್ತಿಲಾಚೆ ನಿಂತಳು.

"ನಾಟಕಕ್ಕೆ ಹೊತ್ತಾಯ್ತು, ಬೇಗ ಹೇಳ್ತೀನಿ" ಎಂದು ವಿಶಾಲಮ್ಮ ಫೋಟೋ ಹಿಡಿದರು. "ಊರೆಲ್ಲ ಹಲ್ಲಿ ನೋಡ್ತು. ನಾನು ಹಲ್ಲಿ ಬಿಟ್ಟು ಉಳಿದದ್ದು ನೋಡ್ದೆ. ಭೂತಪ್ಪ, ಈ ತಂಬುಳಿ ಎಂತದು?"

"ಹಸಿರು ಇದ್ಯಲ್ಲ ಅಮ್ಮ, ಒಂದೆಲಗದ್ದು." ಹೇಳಿದವನೇ ಭೂತಪ್ಪ ಬೆಪ್ಪಾದ. "ಅರೆ! ರಾತ್ರಿ ಒಂದೆಲಗ ಎಲ್ಲಿಂದ ಬಂತು?"

"ಕೆರಿಯಮ್ಮಾ, ನೀನು ಹೇಳು."

"ಹೊತ್ತು ಮುಳುಗಿದ್ ಮೇಲೆ ಸೊಪ್ಪು ಉಣ್ಣಬಾರ್ದು ಅಮ್ಮ. ನಮ್ಮವ್ವನ ಕಾಲದಿಂದ್ಲೂ ಹಂಗೇ. ಸಂಜೆಗೆ ಶುಂಠಿದೇ ಮಾಡದು. ನಿನ್ನೆನೂ ಶುಂಠಿದೇ." ಅವಳು ಹೊಸ್ತಿಲಿಗೆ ಇನ್ನೂ ಹತ್ತಿರ ಬಂದಳು. "ಯಾರೂ ಈ ಮಾತು ಕೇಳ್ಲೇ ಇಲ್ವಲ್ಲ ನನ್ನ!"

"ಅಂದ್ರೆ 'ನಿನ್ನೆ ರಾತ್ರಿ' ಅನ್ನೋದು ಸುಳ್ಳು. ಇದು ಮಧ್ಯಾಹ್ನದ ಎಲೆ. ಹೊತ್ತು ಯಾಕೆ ಬದಲಾಯಿಸಿದ್ರು? ರಾತ್ರಿ ಉಂಡವ್ರು ನಲವತ್ತು ಜನ, ಗುರುತಿಲ್ಲದವ್ರು. ಯಾರು ಬೇಕಾದ್ರೂ ಫೋಟೋ ತೆಗ್ದಿರಬಹುದು. ಮಧ್ಯಾಹ್ನ ಉಂಡವ್ರು ಹನ್ನೊಂದೇ ಜನ. ಹೆಸರು ಹಿಡಿದು ಕೇಳಬಹುದು."

"ಹಾಗಾದ್ರೆ ನಮ್ಮಲ್ಲೇ ಯಾರೋ..." ಸುಮನಾ ಎದ್ದು ನಿಂತಳು.

"ನಿಮ್ಮ ಹನ್ನೊಂದು ಜನರಲ್ಲಿ ಯಾರೂ ಅಲ್ಲ ಮಗಾ. ಎಲೆ ತುದಿ ನೋಡು. ಉಣ್ಣೋನಿಗೆ ಎಲೆಯ ತುದಿ ಎಡಕ್ಕಿರಬೇಕು, ಉಪ್ಪು ದೂರದಲ್ಲಿರಬೇಕು. ಇಲ್ಲಿ ತುದಿ ಬಲಕ್ಕೆ, ಉಪ್ಪು ಹತ್ರಕ್ಕೆ. ಎಲೆ ತಿರುಗಿಸಿ ಹಾಕಿದ್ರು ಅನ್ನೋ ಹಾಗೂ ಇಲ್ಲ, ಆಚೆಗೆ ಪೋಸ್ಟರ್ ಕಾಣ್ತಿದೆ. ಆ ಪೋಸ್ಟರ್ ಇರೋದು ಉಣ್ಣೋರ ಬೆನ್ನಿಗೆ. ಬೆನ್ನಿನ ಗೋಡೆ ಫೋಟೋದಲ್ಲಿ ಕಾಣಬೇಕಾದ್ರೆ ತೆಗೆದವ್ರು ಹಲಗೆಯ ಈಚೆ, ಬಡಿಸೋ ಜಾಗದಲ್ಲಿ ನಿಂತಿರಬೇಕು."

ಹರ್ಷವರ್ಧನ ಕಂಬ ಬಿಟ್ಟು ಮುಂದೆ ಬಾಗಿದ. ಉದಯ್ ಗಡಿಯಾರ ನೋಡಿದ.

"ಇನ್ನೊಂದು. ಅನ್ನ ಕಲಸಿಲ್ಲ. ಬೆರಳು ತಾಗಿಲ್ಲ. ಎಲೆ ಹಿಂದೆ ಮನುಷ್ಯರೇ ಇಲ್ಲ, ಬರೀ ಗೋಡೆ. ಇಪ್ಪತ್ತೆಂಟು ವರ್ಷ ಎಲೆ, ತಟ್ಟೆ ನೋಡಿದವಳು ನಾನು. ಇದು ಉಣ್ಣೋರಿಲ್ಲದ ಎಲೆ. ಹಲ್ಲಿಗೆ ಅಂತಲೇ ಬಡಿಸಿದ್ದು. ಸುಮನಾ, ಹನ್ನೆರಡನೇ ಎಲೆ ಯಾರಿಗೆ ಅಂದ್ರು?"

"ಗೋವಿಂದ ಮೇಷ್ಟ್ರಿಗೆ."

ಮೇಷ್ಟ್ರು ತಲೆ ಎತ್ತಿದರು. "ನಂಗಾ? ನಾನು ನಿನ್ನೆ ಇಡೀ ದಿನ ತೀರ್ಥಹಳ್ಳಿಲಿದ್ದೆನಲ್ಲ."

"ನೀವು ಊರಲ್ಲಿಲ್ಲ ಅಂತ ಚೆನ್ನಾಗಿ ಗೊತ್ತಿದ್ದೋರೇ ನಿಮಗೆ ಎಲೆ ಹಾಕಿದ್ರು ಮೇಷ್ಟ್ರೇ. ಮೊದಲ ಬಸ್ಸಿಗೇ ಹೋದ್ರಿ ಅಂತ ನನಗೆ ಹೇಳಿದ್ದೂ ಅವ್ರೇ. ಕೆರಿಯಮ್ಮ ಜ್ವರದಲ್ಲಿ ಮಲಗಿದ್ಲು. ನಿನ್ನೆ ಮಧ್ಯಾಹ್ನ ಬಡಿಸೋ ಜಾಗದಲ್ಲಿದ್ದವ ಒಬ್ನೇ." ವಿಶಾಲಮ್ಮನ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಅಲ್ವಾ ಉದಯ್?"

ಉದಯ್ ನಗಲು ನೋಡಿದ. ಆಗಲಿಲ್ಲ. ಆಮೇಲೆ ಮುಖ ಕೆಂಪೇರಿತು.

"ಏನು ತಪ್ಪು ಮಾಡಿದೆ? ಮೂವತ್ತು ವರ್ಷದ ರಂಗಮನೆ ಇದು! ದೊಡ್ಡ ದೊಡ್ಡವ್ರು ಬರ್ತಾರೆ. ಗೇಟಲ್ಲಿ ತುಕ್ಕು ಹಿಡಿದ ತಗಡು, ಹೊಗೆ, ಎಂಜಲೆಲೆ, ಸಾಲಾಗಿ ಚಪ್ಪಲಿ. ನಾಚಿಕೆ ಆಗ್ತಿತ್ತು ನನಗೆ. ಮೂರು ಸಲ ಹೇಳ್ದೆ ಸಮಿತಿಗೆ, ತೆಗೀರಿ ಅಂತ. ಪಾಪದ ಹೆಂಗಸು ಅಂತ ಬಿಟ್ರಿ. ಅದಕ್ಕೇ..."

"ಅದಕ್ಕೇ ಅವಳ ಪರ ವಾದ ಮಾಡಿದ ನಾಟಕನೂ ಆಡ್ದೆ" ಎಂದರು ವಿಶಾಲಮ್ಮ.

ಜಟ್ಟಿಂಗಪ್ಪ ಎರಡೇ ಹೆಜ್ಜೆಗೆ ಉದಯ್‌ನ ಮುಂದಿದ್ದ. ಕೈ ಎತ್ತಲಿಲ್ಲ. ಎತ್ತದೇ ಇರುವುದು ಎತ್ತುವುದಕ್ಕಿಂತ ಕಷ್ಟವಾಗಿತ್ತು. "ಆ ಚಪ್ಪಲಿ ನಮ್ದು ಉದಯಣ್ಣ. ಹಿಂದಿನ ಐದು ಸಾಲು ತುಂಬೋದು ಆ ಚಪ್ಪಲಿಯವ್ರಿಂದ. ಖಾಲಿ ಹೊಟ್ಟೇಲಿ ಕೂತು ನಿಮ್ಗೆ ಚಪ್ಪಾಳೆ ತಟ್ಟಬೇಕಾ ನಾವು?"

ಕೆರಿಯಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. "ಪಾತ್ರ ಸಿಗದೆ ಓಡಾಡ್ತಿದ್ದಾಗ ಎಷ್ಟು ವರ್ಷ ಉಂಡ್ಯಪ್ಪ ನೀನು ಅಲ್ಲಿ? ನಿನ್ನ ಚಪ್ಪಲಿನೂ ಅಲ್ಲೇ ಇತ್ತಲ್ಲ."

ಗೋವಿಂದ ಮೇಷ್ಟ್ರು ಎದ್ದರು. "ಜೆಸಿಬಿಯವ್ನಿಗೆ ಫೋನ್ ಮಾಡು. ಇಲ್ಲೇ, ಎಲ್ರ ಎದುರಿಗೆ. ಆಮೇಲೆ ಹೋಗಿ ಬೀಗ ತೆಗಿ. ನಿನ್ನ ಕಾರ್ಯದರ್ಶಿ ಪಟ್ಟ ಇವತ್ತಿಗೆ ಮುಗೀತು. ಇವರೆಲ್ಲ ಉಂಡು ಬರೋ ತನಕ ಗಂಟೆ ಹೊಡೆಯೋದಿಲ್ಲ. ಕೆರಿಯಮ್ಮ, ತಪ್ಪಾಯ್ತು. ಕೇಳದೆ ಬೀಗ ಹಾಕಿದ್ದು ನನ್ನ ಸಮಿತಿ."

"ನಿಮ್ಮ 'ತಪ್ಪಾಯ್ತು' ನನಗೆ ಕೇಳ್ತು ಮೇಷ್ಟ್ರೇ. ಹಲ್ಲಿ ನೋಡ್ದೋರಿಗೆ ಕೇಳ್ಬೇಕಲ್ಲ?" ಎಂದಳು ಕೆರಿಯಮ್ಮ. "ಊರೆಲ್ಲ ನೋಡೈತೆ. ಊರಿಗೆಲ್ಲ ಹೇಳ್ಲಿ ಇವ. ಮೊದ್ಲು ಸ್ಟೇಜ್ ಮೇಲೆ ಹೇಳ್ಲಿ. ಅದನ್ನೇ ಫೋನಲ್ಲಿ ಹಿಡ್ದು ಎಲ್ಲಾ ಗುಂಪಿಗೂ ಹಾಕಿ."

ನಾಟಕ ಶುರುವಾಗುವಾಗ ಏಳೂಕಾಲು. ಇಪ್ಪತ್ತೆರಡು ಜನ ಕೈ ತೊಳೆದು ಬಂದು ಹಿಂದಿನ ಸಾಲುಗಳಲ್ಲಿ ಕೂತರು. ಅವರ ಜೊತೆ ಕೆರಿಯಮ್ಮನೂ ಬಂದಳು. ಒಂಬತ್ತು ವರ್ಷದಲ್ಲಿ ಅವಳು ರಂಗಮನೆಯ ಒಳಗೆ ನಾಟಕಕ್ಕೆಂದು ಕಾಲಿಟ್ಟದ್ದು ಅದೇ ಮೊದಲು. ಕೂರು ಎಂದರೂ ಕೂರದೆ ಗೋಡೆಗೊರಗಿ ನಿಂತಳು. ಜಟ್ಟಿಂಗಪ್ಪ ಮೊಬೈಲ್ ಹಿಡಿದು ನಡುದಾರಿಯಲ್ಲಿ ನಿಂತ.

ಪರದೆಯ ಮುಂದೆ ಉದಯ್ ಬಂದ. ತಲೆ ತಗ್ಗಿಸಿ, ತನ್ನ ಜುಬ್ಬಾದ ಗುಂಡಿಗೇ ಹೇಳುವವನಂತೆ ಏನೋ ಗೊಣಗಿದ. ಹಲ್ಲಿ ಎಂದೋ ಕ್ಷಮಿಸಿ ಎಂದೋ ಒಂದೆರಡು ಶಬ್ದ ಮುಂದಿನ ಸಾಲಿನವರಿಗೆ ಸಿಕ್ಕಿರಬೇಕು. ತಿರುಗಿ ಹೊರಟ.

"ನಿಲ್ಲು" ಎಂದಳು ಕೆರಿಯಮ್ಮ. ಆ ದನಿಗೆ ಮುನ್ನೂರು ತಲೆಗಳು ಹಿಂದಕ್ಕೆ ಹೊರಳಿದವು. "ಹಿಂದಿನ ಸಾಲಿಗೆ ಕೇಳ್ಸಲಿಲ್ಲ. ಇನ್ನೊಂದ್ ಸಲ ಹೇಳು."

ಅವನು ಹೇಳಿದ. ಈ ಸಲ ಎಲ್ಲರಿಗೂ ಕೇಳಿಸಿತು.