ದೇವರ ಬಟ್ಟಲು

ಐತ ಸಾಂಬಾರಿನ ಹಂಡೆಗೆ ಸೌಟು ಹಾಕಿದ. ಮೇಲೆ ಬಂದದ್ದು ಬೂತಾಯಿ ಮೀನು.

"ಅಯ್ಯೋ ದೇವರೇ!"

ಮನೆಯಲ್ಲಿ ಮೀನಿಲ್ಲದೆ ಅನ್ನ ಇಳಿಯದ ಮನುಷ್ಯ ಈ ಅಡುಗೆಯವ. ಆದರೆ ಇದು ಪೆರಂಬೂರಿನಲ್ಲಿ ಗುಣವತಿಯಮ್ಮ ನಡೆಸುವ ಸಸ್ಯಾಹಾರಿ ಹೋಟೆಲು. ಆಗ ಬೆಳಿಗ್ಗೆ ಆರು ಗಂಟೆ.

ಆರೂವರೆಗೆಲ್ಲ ಬಾಗಿಲಲ್ಲಿ ಬಾವುಟಗಳು. ಮುಂದಾಳು ಗುಣವತಿಯಮ್ಮನ ಅಣ್ಣನ ಮಗ ರೂಪೇಶ್. ಇರುವುದು ಅತ್ತೆಯ ಮಹಡಿಯಲ್ಲೇ, ಓಡಾಡುವುದು ಮೂಲಜನ ಸೇನೆ ಎಂಬ ಪಕ್ಷದ ವಾರ್ಡ್ ಟಿಕೆಟಿಗೆ. ಅವನು ನೇರ ಬಾಬು ಭಾಯ್ ಹೆಸರೆತ್ತಿದ. ಬಾಬು ಐದೂವರೆಗೆ ಹಿಂಬಾಗಿಲಿಗೆ ಬಾಳೆಎಲೆ ತಂದಿದ್ದ. ಅವನ ಲೋಡ್ ಆಟೋ ಕಾಸಿಮೇಡು ಬಂದರಿನ ಮೀನನ್ನೂ ಹೊರುತ್ತದೆ. ಇನ್ನೇನು ಬೇಕು? ಗುಂಪು ಕರೆಸಿದ್ದ ಎಸ್‌ಐ ಅವನನ್ನು ಜೀಪಿನಲ್ಲಿ ಕೂರಿಸಿಯೇ ಬಿಟ್ಟರು.

"ಇಪ್ಪತ್ತು ವರ್ಷದಿಂದ ಎಲೆ ತರ್ತಿದ್ದೀನಮ್ಮಾ!" ಬಾಬು ಅಳುತ್ತಿದ್ದ. ಅವನ ಎಲೆ ಅಂಗಡಿಗೆ ಬೆಂಕಿ ಹಚ್ಚೋಣ ಅಂತ ಹೊರಗೆ ಗುಂಪು ಕೂಗುತ್ತಿತ್ತು.

* * *

ದಿನಾ ಅಲ್ಲೇ ತಿಂಡಿ ತಿನ್ನುವ ಪತ್ರಕರ್ತೆ ವೃಂದಾ ಅಡುಗೆಮನೆ ನೋಡಿ ಬಂದಳು.

"ಬರೀರಿ ಮೇಡಂ," ಅಂದ ರೂಪೇಶ್, ಮುಖ ಮಾತ್ರ ಮೊಬೈಲ್ ಕ್ಯಾಮೆರಾ ಕಡೆಗೆ. "ಕೆಳಗಿಂದ ಇವರು ನಮ್ಮ ಅನ್ನ ಕೆಡಿಸ್ತಾರೆ. ಮೇಲಿಂದ ನಿಮ್ಮಂಥ ಇಂಗ್ಲಿಷ್ ಪೇಪರಿನ ದೊಡ್ಡವರು ಇವರನ್ನ ಕಾಪಾಡ್ತಾರೆ. ನಡುವೆ ಸಾಯೋರು ನಾವು."

ಪಾಪ, ಈ ದೊಡ್ಡವಳು ಬಾಡಿಗೆ ಮನೆಯಿಂದ ಸಿಟಿ ಬಸ್ಸಿನಲ್ಲಿ ಬಂದಿದ್ದಳು.

ಗಲ್ಲಾದ ಮೇಲೆ ಕೃಷ್ಣನ ಪಟ. ಅದರ ಮುಂದೆ ಬೆಳ್ಳಿ ಬಟ್ಟಲಲ್ಲಿ ಸಾಂಬಾರು.

"ನೈವೇದ್ಯ ಇಟ್ಟದ್ದು ಯಾರು?" ವೃಂದಾ ಕೇಳಿದಳು.

"ದಿನಾ ನಾನೇ ಇಡುವುದು. ಮೊದಲ ಸೌಟು ದೇವರಿಗೆ," ಅಂದರು ಗುಣವತಿಯಮ್ಮ. "ಇವತ್ತು ನಾನಿನ್ನೂ ಸ್ನಾನದಲ್ಲಿದ್ದೆ. ಐತ ಇಟ್ಟಿರಬೇಕು."

"ನಾನಾ? ಇಲ್ಲಕ್ಕ. ನಾನು ಹೊರಗೆ ಮೆಟ್ಟಿಲು ತೊಳೀತಿದ್ದೆ."

ವೃಂದಾ ಬಟ್ಟಲಿಗೆ ಬಗ್ಗಿದಳು. "ಛೆ, ಇದರಲ್ಲೂ ಮೀನಿನ ತುಂಡು!"

"ಸುಳ್ಳು!" ರೂಪೇಶ್ ಕಿರುಚಿದ. "ಅದನ್ನ ಮೀನು ಹಾಕೋ ಮೊದಲೇ ತೆಗೆದದ್ದು!"

ಎಸ್‌ಐ ನಿಧಾನವಾಗಿ ಅವನ ಕಡೆ ತಿರುಗಿದರು.

* * *

"ಬಟ್ಟಲಲ್ಲಿ ಮೀನಿಲ್ಲ ಸಾರ್," ವೃಂದಾ ಹೇಳಿದಳು. "ಅನುಮಾನ ಬಂದದ್ದೇ ಅದರಿಂದ. ಹಂಡೆ ಕೆಡಿಸಿದವನು ಮೊದಲು ದೇವರ ಪಾಲು ತೆಗೆದಿಟ್ಟಿದ್ದಾನೆ. ಬಾಬು ಭಾಯ್ ಹಿಂಬಾಗಿಲು ದಾಟಿದವರೇ ಅಲ್ಲ, ಅವರಿಗೆ ಈ ಪದ್ಧತಿ ಹೇಗೆ ಗೊತ್ತು? ಮನೆಯವರೇ ಮಾಡಿದ್ದು. ಯಾರು ಅಂತ ತಿಳಿಯೋಕೆ ಒಂದು ಸುಳ್ಳು ಹೇಳಿದೆ. ಟಿಕೆಟಿಗೆ ಒಬ್ಬ ಶತ್ರು ಬೇಕಿತ್ತು. ಇವನೇ ತಯಾರು ಮಾಡಿದ."

ರೂಪೇಶ್ ತಲೆ ಎತ್ತಲಿಲ್ಲ. "ದೇವರಿಗೆ ಮೈಲಿಗೆ ಆಗಬಾರದು ಅಂತ, ಅತ್ತೆ..."

"ಆ ಬಟ್ಟಲಿನ ಮೇಲೆ ಬಂದಷ್ಟು ಕನಿಕರ ಬಾಬುವಿನ ಮೇಲೆ ಬರಲಿಲ್ವಾ ನಿನಗೆ?" ಗುಣವತಿಯಮ್ಮ ಕೇಳಿದರು.

ಅವರೇ ಹೋಗಿ ಜೀಪಿನಿಂದ ಬಾಬುವನ್ನು ಇಳಿಸಿದರು. ಮುಂಬಾಗಿಲಿನಿಂದ ಒಳಗೆ ಕರೆತಂದರು. ಇಪ್ಪತ್ತು ವರ್ಷದಲ್ಲಿ ಇದೇ ಮೊದಲ ಸಲ.